ಹಿಟ್ಟಿನ ವಂಶಾವಳಿ

ದ್ರಾಕ್ಷಿತೋಟವನ್ನು ತಾತನಿಂದ ಮೊಮ್ಮಗನಿಗೆ ದಾಟಿಸುತ್ತ, ವೈನನ್ನು ನೆಲಮಾಳಿಗೆಯ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿಸುವ ಮನೆತನಗಳು ಫ್ರಾನ್ಸಿನಲ್ಲಿದ್ದರೆ, ಒಂದೇ ರಾತ್ರಿಯಲ್ಲಿ ಹುದುಗು ಬರುವ, ಎಂದರೆ ಹುಳಿಯೇರಿ ಉಬ್ಬುವ, ದೋಸೆಹಿಟ್ಟನ್ನೇ ಪಿತ್ರಾರ್ಜಿತ ಆಸ್ತಿಯಾಗಿ ಪಡೆದ ಮನೆತನಗಳು ದಾವಣಗೆರೆಯಲ್ಲಿವೆ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಬಂದ ಚೆನ್ನಮ್ಮ ಎಂಬ ತಾಯಿ ಇಲ್ಲಿ ರಾಗಿ ದೋಸೆ ಹುಯ್ದು ಮಾರಿದರೆಂದೂ, ಮುಂದೆ ಮಕ್ಕಳು ಅಕ್ಕಿ, ಉದ್ದು, ಮಂಡಕ್ಕಿಗಳ ಹಿಟ್ಟಿಗೆ ಬೆಣ್ಣೆಯನ್ನು ಜೋಡಿಸಿದರೆಂದೂ ಊರು ಹೇಳಿಕೊಂಡು ಬಂದಿದೆ.

ವೈನ್ ಪಂಡಿತನು ಲೋಟವನ್ನು ತಿರುಗಿಸಿ, ಮೂಸಿ, ಕಣ್ಣು ಮುಚ್ಚಿ ತೀರ್ಪು ನೀಡುತ್ತಾನೆ. ದಾವಣಗೆರೆಯ ಪಂಡಿತನಾದರೋ ಕಾವಲಿಯ ಚುಂಯ್ ಸದ್ದಿನಿಂದಲೇ ಹದವನ್ನು ಅಳೆದು, ಅರಿಶಿನ ಕಾಣದ ಬಿಳಿ ಆಲೂಗಡ್ಡೆ ಪಲ್ಯವನ್ನೂ ಖಾರದ ಚಟ್ನಿಯನ್ನೂ ಪರಾಮರ್ಶಿಸಿ, ಮೇಲೆ ಕರಗುತ್ತಿರುವ ಬೆಣ್ಣೆಮುದ್ದೆ ಚಿಕ್ಕದಾಯಿತೆಂದು ಭಿನ್ನಮತ ದಾಖಲಿಸುತ್ತಾನೆ. ಈ ಶಾಸ್ತ್ರದ ಕ್ಷೇತ್ರಕಾರ್ಯಕ್ಕೆ ಹೊರಟ ಪ್ರಸ್ತುತ ಲೇಖಕನ ಟಿಪ್ಪಣಿ ಪುಸ್ತಕದಲ್ಲಿ ಅಕ್ಷರಗಳಿಗಿಂತ ಜಿಡ್ಡಿನ ಕಲೆಗಳೇ ಹೆಚ್ಚಾಗಿರುವುದನ್ನು ವಿದ್ವಾಂಸರು ಆಕರಸಾಮಗ್ರಿಯೆಂದೇ ಪರಿಗಣಿಸಬೇಕು.

ನೆರೆಯ ಹರಿಹರದಲ್ಲಿ, ಹೊಯ್ಸಳ ದಂಡನಾಯಕ ಪೋಲಾಳ್ವನು 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯವು, ಅರ್ಧ ಶಿವ ಅರ್ಧ ವಿಷ್ಣುವಾದ ಒಂದೇ ಮೂರ್ತಿಯಿಂದ ಹಿರಿಯರು ಯಾರೆಂಬ ವ್ಯಾಜ್ಯವನ್ನು ಇತ್ಯರ್ಥಗೊಳಿಸಿತು. ಆದರೆ ಅಸಲಿ ಬೆಣ್ಣೆದೋಸೆ ಯಾವ ಹೋಟೆಲಿನದೆಂಬ ವ್ಯಾಜ್ಯಕ್ಕೆ ಅಂಥ ರಾಜಿಸೂತ್ರ ಇನ್ನೂ ದೊರೆತಿಲ್ಲ. ವೈನ್ ಹಳೆಯದಾದಷ್ಟೂ ಬೆಲೆ ಏರಬಹುದು. ದೋಸೆಗೆ ಆ ಸೌಲಭ್ಯವಿಲ್ಲವಾದ್ದರಿಂದ, ಓದುಗರು ವಾದವನ್ನು ಬದಿಗಿಟ್ಟು ಬಿಸಿಯಿರುವಾಗಲೇ ತಿನ್ನತಕ್ಕದ್ದು.