ಆಟ ಕಟ್ಟೋರ ಕಸುಬು

ಅಕ್ಕಾ, ನೀವು ನಿನ್ನೆ ಕಾಂಪೌಂಡ್ ಹತ್ರ ನಿಂತು ಕೇಳಿದ್ರಲ್ಲ, "ಇವಳು ಪಿಯುಸಿ ಆದ್ಮೇಲೆ ಗೇಮ್ ಮಾಡೋದು ಕಲೀತೀನಿ ಅಂತಾಳೆ, ಅದೂ ಒಂದು ಕೆಲಸವೇನೇ?" ಅಂತ. ಸೀರಿಯಲ್ ಟೈಮ್ ಆಯ್ತು ಅಂತ ಅರ್ಧಕ್ಕೇ ಒಳಗೆ ಹೋದ್ರಿ. ಕೆಲಸವೇ ಅಕ್ಕಾ. ನಾನು ಅದೇ ಕೆಲಸದಿಂದ ಈ ಮನೆ ಬಾಡಿಗೆ ಕಟ್ತಿರೋದು. ಬಟ್ಟೆ ಒಣಗಾಕಿ ಬನ್ನಿ, ಈ ಕಡೆ ನೆರಳಿದೆ, ಇವತ್ತು ಪೂರ್ತಿ ಹೇಳ್ತೀನಿ.

ನಿಮ್ಮ ಯಜಮಾನರು ಹೆದರ್ತಿರೋದು ರಮ್ಮಿ ಆ್ಯಪ್‌ಗಳನ್ನ ನೋಡಿ. ಅವರ ಹೆದರಿಕೆ ನ್ಯಾಯವಾದದ್ದೇ. ಅದರಲ್ಲಿ ಸಂಬಳ ಕಳಕೊಂಡೋರನ್ನ ನಾವಿಬ್ಬರೂ ನೋಡಿದೀವಿ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾನೂನನ್ನ ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸು ಮಾಡಿದೆ. ಆ ವ್ಯಾಪಾರಕ್ಕೂ ನಿಮ್ಮ ಮಗಳು ಹೇಳ್ತಿರೋದಕ್ಕೂ ಸಂಬಂಧ ಇಲ್ಲ ಅಂತ ಅವರಿಗೆ ಹೇಳಿ. ಕಥೆ, ಚಿತ್ರ, ಸಂಗೀತ, ಲೆಕ್ಕ ಎಲ್ಲ ಒಂದೇ ಕಡೆ ಕೂಡೋ ಕೆಲಸ ಇದು.

ನಿನ್ನೆ ಮೊನ್ನೆ ಶುರುವಾಗಿದ್ದೂ ಅಲ್ಲ. ಬೆಂಗಳೂರಲ್ಲಿ ರಾಜೇಶ್ ರಾವ್ ಅನ್ನೋರು ಧ್ರುವ ಇಂಟರಾಕ್ಟಿವ್ ಅಂತ ಕಂಪನಿ ಶುರು ಮಾಡಿದ್ದು 1997ರಲ್ಲಿ. ಹೊರದೇಶದ ದೊಡ್ಡ ಆಟಗಳಿಗೆ ಬೇಕಾದ ಕಾರು, ಕಟ್ಟಡ, ಪಾತ್ರಗಳನ್ನ ಇಲ್ಲಿ ಕೂತು ಮಾಡಿಕೊಟ್ಟು ಹೆಸರು ಮಾಡಿದ್ರು. 2019ರಲ್ಲಿ ಅದನ್ನ ರಾಕ್‌ಸ್ಟಾರ್ ಗೇಮ್ಸ್ ಕೊಂಡ್ಕೊಂಡಿತು, ನಿಮ್ಮ ಅಕ್ಕನ ಮಗ ಆಡ್ತಾನಲ್ಲ ಗ್ರ್ಯಾಂಡ್ ಥೆಫ್ಟ್ ಆಟೋ, ಅದನ್ನ ಮಾಡೋರು. ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗೀರು ಕೈ ಕುದುರಿಸಿಕೊಂಡಿದ್ದು ಇಂಥ ಕಂಪನಿಗಳಲ್ಲೇ. ಒಂದು ಕಾರಿನ ಬಾಗಿಲ ಹಿಡಿ, ಅದರ ಮೇಲಿನ ಗೀರು, ಮಳೆ ಬಿದ್ದಾಗ ಬಣ್ಣ ಹೇಗೆ ಹೊಳೆಯುತ್ತೆ, ಇಷ್ಟಕ್ಕೇ ದಿನಗಟ್ಟಲೆ ಕೂರ್ತಾರೆ. ಮರ್ಯಾದೆಯ ಕೆಲಸ, ಕಲಿಯೋಕೆ ಬೇಕಾದಷ್ಟಿದೆ. ಆದ್ರೆ ಆಟ ಹೇಗಿರಬೇಕು ಅನ್ನೋ ತೀರ್ಮಾನ ಬಹಳ ಸಲ ಇಲ್ಲಿ ಆಗಲ್ಲ, ಸಮುದ್ರದಾಚೆ ಆಗಿರುತ್ತೆ. ಅವಳು ಇದನ್ನ ತಿಳ್ಕೊಂಡೇ ಒಳಗೆ ಕಾಲಿಡಬೇಕು.

"ಅವಳು ದಿನಾ ಮೊಬೈಲಲ್ಲಿ ಆಡ್ತಾಳೆ, ಅದಕ್ಕೇ ಈ ಹುಚ್ಚು" ಅಂದ್ರಿ. ನನಗೆ ಹಾಗನ್ನಿಸಲ್ಲ. ದಸರಾ ರಜೆಯಲ್ಲಿ ನಿಮ್ಮ ಜಗಲಿ ಮೇಲೆ ಅವಳು ಅಜ್ಜಿ ಜೊತೆ ಚೌಕಾಬಾರ ಆಡ್ತಿದ್ದಾಗ ನಾನಿಲ್ಲಿ ಕನಕಾಂಬರ ಬಿಡಿಸ್ತಾ ನೋಡ್ತಿದ್ದೆ. ಎದುರಾಳಿಯ ಒಂದು ಕಾಯಿನಾದ್ರೂ ಕಡೀದೆ ಒಳಸುತ್ತಿಗೆ ಹೋಗೋ ಹಾಗಿಲ್ಲ ಅಂತ ಒಂದು ನಿಯಮ ಇದೆಯಲ್ಲ, ಅವಳು ಅದನ್ನ ತೆಗೆದು ಆಡಿಸಿದ್ಲು. ಆಟ ಸತ್ತೇ ಹೋಯ್ತು. ಯಾರಿಗೂ ಯಾರ ತಂಟೆಯೂ ಬೇಡ, ಕಾಯಿ ಕಡಿಯೋಕಾಗದ ಇಂಟು ಹಾಕಿರೋ ಮನೆಯಿಂದ ಇಂಟು ಹಾಕಿರೋ ಮನೆಗೆ ನಡೆದು ಕಾಯಿಗಳೆಲ್ಲ ಹಣ್ಣಾದ್ವು. ಅಜ್ಜಿ ಆಕಳಿಸಿದ್ರು. ಆಮೇಲೆ ನಿಯಮ ವಾಪಸ್ ತಂದು ಇನ್ನೊಂದು ಸೇರಿಸಿದ್ಲು: ಇಂಟು ಹಾಕಿರೋ ಮನೇಲಿ ಮೂರು ಸರದಿಗಿಂತ ಹೆಚ್ಚು ಯಾವ ಕಾಯಿಯೂ ಕೂರೋ ಹಾಗಿಲ್ಲ. ಅಜ್ಜಿ ನೆಟ್ಟಗೆ ಕೂತ್ರು. "ಇದ್ಯಾವ ಹೊಸ ಕಾನೂನೇ ನಿಂದು" ಅಂತ ಬೈದು, ಸೋತು, ಇನ್ನೊಂದು ಆಟ ಹಾಕು ಅಂದ್ರು. ಕವಡೆ ಉರುಳ್ತಾ ಇದ್ರೂ ಹುಡುಗಿ ಕಣ್ಣು ಅಜ್ಜಿ ಮುಖದ ಮೇಲೇ ಇತ್ತು. ಪಕ್ಕದಲ್ಲಿ ಒಂದು ನೋಟ್‌ಬುಕ್, ಅದರಲ್ಲಿ ಏನೋ ಹೊಡೆದು ಹಾಕ್ತಿದ್ಲು, ಬರೀತಿದ್ಲು.

ಗೇಮ್ ಡಿಸೈನರ್ ಅಂತ ಸಂಬಳ ಕೊಟ್ಟು ಇಟ್ಕೊಳ್ಳೋದು ಈ ಕೆಲಸಕ್ಕೇ ಅಕ್ಕಾ. ಒಂದು ನಿಯಮ ಹಾಕಿದ್ರೆ ಆಡೋರು ಧೈರ್ಯ ಮಾಡ್ತಾರೆ, ಒಂದು ತೆಗೆದ್ರೆ ಮುದುರ್ಕೋತಾರೆ. ಅದನ್ನ ಕೂತು ನೋಡಿ, ತಿದ್ದಿ, ಮತ್ತೆ ಆಡಿಸೋದು. ತಾನೇ ಪ್ರೀತಿಯಿಂದ ಮಾಡಿದ್ದನ್ನ ಬೇರೆಯವರ ಆಕಳಿಕೆ ನೋಡಿ ಕಿತ್ತು ಹಾಕೋಕೆ ಗಟ್ಟಿ ಮನಸ್ಸು ಬೇಕು. ಸಾಫ್ಟ್‌ವೇರ್ ಯಾರಿಗೆ ಬೇಕಾದ್ರೂ ಕಲಿಸಬಹುದು. ಇದು ಅಷ್ಟು ಬೇಗ ಬರಲ್ಲ.

ನಮ್ಮ ಮೈಸೂರಲ್ಲಿ ಇದನ್ನ ಅರಮನೇಲೇ ಕೂತು ಮಾಡಿದೋರಿದ್ರು. 19ನೇ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಎಷ್ಟೊಂದು ಹೊಸ ಮಣೆ ಆಟಗಳನ್ನ ತಾವೇ ಕಲ್ಪಿಸಿದ್ರು. ಅವರ ಶ್ರೀತತ್ತ್ವನಿಧಿ ಅನ್ನೋ ಗ್ರಂಥದಲ್ಲಿ ಕೌತುಕನಿಧಿ ಅನ್ನೋ ಭಾಗ ಇರೋದೇ ಆಟಗಳಿಗೆ. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾ ಕೌಶಲ್ಯ ಅಂತ ಹಳೇ ಆಟಗಳ ಪ್ರದರ್ಶನ ಇಡ್ತಾರೆ. ಮುಂದಿನ ಸಲ ಇಟ್ಟಾಗ ಅವಳನ್ನ ಕರ್ಕೊಂಡು ಹೋಗಿ, ಒಂದು ದಿನ ಪೂರ್ತಿ ಅಲ್ಲೇ ಬಿಟ್ಟುಬಿಡಿ.

ಕೋಡಿಂಗ್ ಬರದಿದ್ರೆ ಏನು ಗತಿ ಅಂತಲೂ ಕೇಳಿದ್ರಿ. ಜಪಾನಿನ ಶಿಗೆರು ಮಿಯಾಮೊಟೊ ಕಲಾ ಕಾಲೇಜಲ್ಲಿ ವಿನ್ಯಾಸ ಓದಿ 1977ರಲ್ಲಿ ನಿಂಟೆಂಡೊ ಸೇರಿದವರು. ಅಮೆರಿಕದಲ್ಲಿ ಆ ಕಂಪನಿಯ ಒಂದು ಆಟದ ಪೆಟ್ಟಿಗೆಗಳು ಮಾರಾಟವಾಗದೆ ರಾಶಿ ಬಿದ್ದಿದ್ವು. ಅದೇ ಪೆಟ್ಟಿಗೆಗಳಿಗೆ ಬೇರೆ ಆಟ ಕೂರಿಸು ಅಂತ ಇವರಿಗೆ ಹೇಳಿದ್ರು. 1981ರಲ್ಲಿ ಡಾಂಕಿ ಕಾಂಗ್ ಬಂತು. ಅದರಲ್ಲಿದ್ದ ಮೀಸೆಯ ಪುಟ್ಟ ಬಡಗಿಯೇ ಆಮೇಲೆ ಮಾರಿಯೊ ಆಗಿದ್ದು. ಆಗಿನ ಪರದೆಯಲ್ಲಿ ಸಿಗ್ತಿದ್ದ ನಾಲ್ಕಾರು ಚುಕ್ಕೆಗಳಲ್ಲಿ ಬಾಯಿ ಬಿಡಿಸೋಕಾಗಲ್ಲ ಅಂತ ಮೀಸೆ ಇಟ್ರು, ಕೂದಲು ಬಿಡಿಸೋ ಕಷ್ಟಕ್ಕೆ ಟೋಪಿ ಹಾಕಿದ್ರು. ಇದ್ದ ಕೊರತೆಯೇ ಮುಖವಾಯ್ತು.

ಅವರೇ ಮಾಡಿದ 1985ರ ಸೂಪರ್ ಮಾರಿಯೊ ಬ್ರದರ್ಸ್‌ನ ಮೊದಲ ಪರದೆ ಒಂದು ಸಲ ಅವಳ ಜೊತೆ ಕೂತು ನೋಡಿ ಅಕ್ಕಾ. ಮಾರಿಯೊ ಎಡಗಡೆ ನಿಂತಿರ್ತಾನೆ, ಬಲಗಡೆ ಎಲ್ಲ ಖಾಲಿ. ಹೋಗಬೇಕಾದ್ದು ಎಲ್ಲಿಗೆ ಅಂತ ಹೇಳೋದೇ ಬೇಡ. ನಾಲ್ಕು ಹೆಜ್ಜೆಗೆ ಒಂದು ಕಂದು ಬಣ್ಣದ ಪ್ರಾಣಿ ಎದುರಿಗೆ ಬರುತ್ತೆ. ತಾಗಿದ್ರೆ ಸತ್ತ, ಆದ್ರೆ ಕಳಕೊಂಡಿದ್ದು ಕೆಲವೇ ಸೆಕೆಂಡು, ಮತ್ತೆ ಮೊದಲಿಂದ. ಎರಡನೇ ಸಲ ಯಾರಾದ್ರೂ ಹಾರೇ ಹಾರ್ತಾರೆ. ಮೇಲೆ ಪ್ರಶ್ನೆ ಚಿಹ್ನೆಯ ಇಟ್ಟಿಗೆ, ಗುದ್ದಿದ್ರೆ ಅಣಬೆ ಹೊರಗೆ ಬರುತ್ತೆ. ಅದನ್ನೂ ಶತ್ರು ಅಂದ್ಕೊಂಡು ಓಡಿಹೋಗ್ತಾರಲ್ಲ ಅಂತ ಅಣಬೆಯನ್ನ ಬಲಕ್ಕೆ ಬಿಟ್ಟು, ಪೈಪಿಗೆ ಬಡಿದು ವಾಪಸ್ ಇವನ ಕಡೆಗೇ ಬರೋ ಹಾಗೆ ಮಾಡಿದಾರೆ. ತಾಗಿದ ಕೂಡ್ಲೇ ಮಾರಿಯೊ ದೊಡ್ಡವನಾಗ್ತಾನೆ, ಅಣಬೆ ಒಳ್ಳೇದು ಅಂತ ಗೊತ್ತಾಗುತ್ತೆ. ಒಂದಕ್ಷರ ವಿವರಣೆ ಇಲ್ಲದೆ ಅರ್ಧ ನಿಮಿಷದಲ್ಲಿ ಇಡೀ ಆಟದ ಪಾಠ ಮುಗೀತು. ಈ ಅರ್ಧ ನಿಮಿಷ ನೋಡಿದಾಗಲೆಲ್ಲ ನನಗೆ ಆ ಮನುಷ್ಯನಿಗೆ ಕೈ ಮುಗಿಯಬೇಕು ಅನ್ಸುತ್ತೆ.

ಕಥೆ ಬರೆಯೋರಿಗೂ ಇಲ್ಲಿ ಜಾಗ ಇದೆ. ಟೊರಾಂಟೊದ ವಿಸೈ ಗೇಮ್ಸ್ ಅನ್ನೋ ಸಣ್ಣ ತಂಡ 2023ರಲ್ಲಿ ವೆಣ್ಬಾ ಅಂತ ಆಟ ತಂತು. 80ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಹೆಣ್ಣುಮಗಳು, ಅವಳ ಅಮ್ಮನ ಅಡುಗೆ ಪುಸ್ತಕ. ಪುಸ್ತಕ ಹರಿದಿದೆ, ಅಕ್ಷರ ಅಳಿಸಿಹೋಗಿದೆ. ಇಡ್ಲಿ ಮಾಡೋದು ಹೇಗಂತ ಆಡೋರೇ ಊಹಿಸಬೇಕು. ಒಗ್ಗರಣೆ ಸದ್ದು ಕೇಳಿದ್ರೆ ನಿಮ್ಮ ಅಡುಗೆಮನೆ ನೆನಪಾಗುತ್ತೆ. 2024ರಲ್ಲಿ ಚೊಚ್ಚಲ ಆಟದ ಬಾಫ್ಟಾ ಪ್ರಶಸ್ತಿ ಅದಕ್ಕೇ ಬಂತು. ನಮ್ಮ ಮನೆ ವಿಷಯ ಯಾರಿಗೆ ಬೇಕು ಅನ್ನೋ ಮಾತು ಇನ್ನು ನಡೆಯಲ್ಲ. ಕನ್ನಡದ ಮನೆಯೊಳಗಿನ ಆಟವೊಂದು ಹೀಗೆ ಲೋಕದ ಮುಂದೆ ನಿಲ್ಲಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಮಾಡೋ ಹುಡುಗರು ಇಲ್ಲೇ ಇದಾರೆ.

ಸರಿ, ಕಷ್ಟದ ಮಾತೂ ಆಡಿಬಿಡ್ತೀನಿ, ಮುಚ್ಚಿಟ್ರೆ ನಿಮಗೆ ಮೋಸ ಮಾಡಿದ ಹಾಗೆ. ಕಂಪ್ಯೂಟರ್ ಆಟ ಮಾರೋ ಸ್ಟೀಮ್ ಅನ್ನೋ ಅಂಗಡಿ ಇದೆ. 100 ಡಾಲರ್ ಕಟ್ಟಿದ್ರೆ ಯಾರು ಬೇಕಾದ್ರೂ ತಮ್ಮ ಆಟ ಇಡಬಹುದು, ಬಂದ ದುಡ್ಡಲ್ಲಿ ಸಾಮಾನ್ಯವಾಗಿ ನೂರಕ್ಕೆ 30 ಅವರಿಗೆ. 2024 ಒಂದೇ ವರ್ಷದಲ್ಲಿ ಅಲ್ಲಿಗೆ 18 ಸಾವಿರಕ್ಕೂ ಹೆಚ್ಚು ಆಟ ಬಂದ್ವು. ಬಹುಪಾಲು ಯಾರ ಕಣ್ಣಿಗೂ ಬೀಳ್ಲಿಲ್ಲ. ದೊಡ್ಡ ಕಂಪನಿ ಸೇರಿದ್ರೆ ಕ್ಷೇಮ ಅನ್ನೋ ಹಾಗೂ ಇಲ್ಲ. 2024ರ ಜನವರೀಲಿ ಮೈಕ್ರೋಸಾಫ್ಟ್ ತನ್ನ ಗೇಮಿಂಗ್ ವಿಭಾಗದಿಂದ 1,900 ಜನರನ್ನ ಮನೆಗೆ ಕಳಿಸ್ತು.

ಎರಿಕ್ ಬರೋನ್ ಕಥೆ ಎಲ್ಲರೂ ಹೇಳ್ತಾರೆ. ಓದಿ ಮುಗಿಸಿದ್ರೂ ಕೆಲಸ ಸಿಗದೆ, ಅಭ್ಯಾಸಕ್ಕೆ ಅಂತ ಹೊಲ ಮಾಡೋ ಒಂದು ಆಟ ಶುರು ಮಾಡಿ, ಚಿತ್ರ, ಸಂಗೀತ, ಕೋಡಿಂಗ್, ಕಥೆ ಎಲ್ಲ ಒಬ್ಬನೇ ಕಲಿತು, ನಾಲ್ಕೂವರೆ ವರ್ಷಕ್ಕೆ 2016ರಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಬಿಡುಗಡೆ ಮಾಡಿದ. ಕೋಟ್ಯಂತರ ಪ್ರತಿ ಮಾರಾಟವಾಯ್ತು. ಆ ವರ್ಷಗಳಲ್ಲಿ ಅವನು ಒಂದು ಥಿಯೇಟರಲ್ಲಿ ಜನರನ್ನ ಸೀಟಿಗೆ ಕೂರಿಸೋ ಕೆಲಸಕ್ಕೂ ಹೋಗ್ತಿದ್ದ, ಜೊತೆಗಾತಿಯೂ ದುಡಿದು ಮನೆ ನಡೆಸಿದ್ಲು ಅನ್ನೋದನ್ನ ಮಾತ್ರ ಬಿಟ್ಟುಬಿಡ್ತಾರೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್‌ನವರು ರಾಜಿ ಅನ್ನೋ ಆಟಕ್ಕೆ ಜನರಿಂದ ದುಡ್ಡೆತ್ತೋಕೆ ಹೋಗಿ ಗುರಿ ಮುಟ್ಟಲಿಲ್ಲ. ಆದ್ರೂ ಬಿಡದೆ 2020ರಲ್ಲಿ ಮುಗಿಸಿ ಹೊರಗೆ ತಂದ್ರು. ಅನ್ನಕ್ಕೊಂದು ದಾರಿ ಇಟ್ಕೊಂಡೇ ಇವಳು ತನ್ನ ಆಟ ಕಟ್ಟಬೇಕು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಓದಿನ ವಿಷಯ. ಬೆಂಗಳೂರಿನ ಎನ್‌ಐಡಿ ಅನ್ನೋ ವಿನ್ಯಾಸ ಸಂಸ್ಥೆಯಲ್ಲಿ ಡಿಜಿಟಲ್ ಗೇಮ್ ಡಿಸೈನ್ ಇದೆ, ಆದ್ರೆ ಅದು ಡಿಗ್ರಿ ಆದ್ಮೇಲೆ. ಅಲ್ಲೀವರೆಗೆ ಚಿತ್ರಕಲೆಯೋ ಕಂಪ್ಯೂಟರೋ ಸಾಹಿತ್ಯವೋ, ಅವಳು ಮನಸ್ಸಿಟ್ಟು ಓದೋ ಒಂದು ಡಿಗ್ರಿ ಮಾಡಲಿ. ಲಕ್ಷಗಟ್ಟಲೆ ಫೀಸ್ ಕೇಳೋ ಗೇಮಿಂಗ್ ಕೋರ್ಸ್‌ಗೆ ಸೇರಿಸೋ ಮುಂಚೆ ಒಂದೇ ಮಾತು ಕೇಳಿ: ನಿಮ್ಮ ವಿದ್ಯಾರ್ಥಿಗಳು ಮುಗಿಸಿರೋ ಆಟ ತೋರಿಸಿ, ನಾವೇ ಆಡಿ ನೋಡ್ತೀವಿ. ತೋರಿಸೋಕೆ ಇಲ್ಲದಿದ್ರೆ ಅಲ್ಲಿಂದ ಎದ್ದು ಬನ್ನಿ.

ಕೆಲಸ ಕೊಡೋರೂ ಅದನ್ನೇ ಕೇಳೋದು. ನಾನು ಹೊಸಬರ ಕೆಲಸ ನೋಡೋವಾಗ ಚಂದದ ಚಿತ್ರಗಳ ರಾಶಿ ದಾಟಿ ಹೋಗ್ತೀನಿ. ಮುಗಿದ ಒಂದು ಪುಟ್ಟ ಆಟ ಸಿಕ್ಕಿದ್ರೆ ನಿಲ್ತೀನಿ. ಎರಡೇ ನಿಮಿಷದ್ದಾದ್ರೂ ಸರಿ, ಶುರು ಇರಬೇಕು, ಸೋಲು ಗೆಲುವು ಇರಬೇಕು, ಕೊನೆ ಇರಬೇಕು. ಏನು ಬಿಟ್ಟೆ, ಯಾಕೆ ಬಿಟ್ಟೆ ಅಂತ ಹೇಳೋಕೆ ಬಂದ್ರೆ ಇನ್ನೂ ಒಳ್ಳೇದು. ಆಟ ಕಟ್ಟೋ ಗಾಡಾಟ್, ಆಕಾರ ಬಿಡಿಸೋ ಬ್ಲೆಂಡರ್ ಎರಡೂ ಸಾಫ್ಟ್‌ವೇರ್ ಪುಕ್ಕಟೆ, ಸಣ್ಣ ಆಟಕ್ಕೆ ನಿಮ್ಮನೆ ಹಳೇ ಲ್ಯಾಪ್‌ಟಾಪೇ ಸಾಕು. ಜನವರಿ ಕೊನೇಲಿ ಗ್ಲೋಬಲ್ ಗೇಮ್ ಜಾಮ್ ಅಂತ ಆಗುತ್ತೆ, ಗುರುತಿಲ್ಲದವರ ಜೊತೆ ಸೇರಿ ಕೆಲವೇ ದಿನದಲ್ಲಿ ಒಂದು ಆಟ ಕಟ್ಟೋದು. ಅಲ್ಲಿಗೆ ಕಳಿಸಿ. ಫಿನ್‌ಲೆಂಡಿನ ಆರ್ವಿ ಟೆಯ್ಕರಿ ಬಾಬಾ ಈಸ್ ಯೂ ಅನ್ನೋ ಆಟದ ಮೊದಲ ರೂಪ ಮಾಡಿದ್ದು 2017ರಲ್ಲಿ ಇಂಥದೇ ಒಂದು ಜಾಮ್‌ನಲ್ಲಿ. ಪರದೆ ಮೇಲೆ ಬಿದ್ದಿರೋ ಪದಗಳೇ ಆಟದ ನಿಯಮ. ಪದ ತಳ್ಳಿದ್ರೆ ನಿಯಮ ಬದಲಾಗುತ್ತೆ, ಗೋಡೆಯನ್ನೇ ದಾಟಿ ಹೋಗಬಹುದು. ಅದನ್ನ ಪೂರ್ತಿ ಮಾಡಿ ಮಾರೋಕೆ 2019 ಆಯ್ತು. ನಿಮ್ಮ ಮಗಳಿಗೆ ಮೊದಲು ಆಡಿಸಬೇಕಾದ್ದು ಅದನ್ನೇ. ಇವತ್ತು ಸಂಜೆ ಕಳಿಸಿ, ನನ್ನ ಹತ್ರ ಇದೆ.

ನಿಮ್ಮಿಂದ ಒಂದು ಕೆಲಸ ಆಗಬೇಕು ಅಕ್ಕಾ. ಅವಳು ಏನಾದ್ರೂ ಮಾಡಿ ತಂದಾಗ ಒಲೆ ಮುಂದೆ ನಿಂತೇ "ಚೆನ್ನಾಗಿದೆ" ಅಂದುಬಿಡಬೇಡಿ. ಗ್ಯಾಸ್ ಆಫ್ ಮಾಡಿ, ಹತ್ತು ನಿಮಿಷ ಕೂತು ಆಡಿ. ಎಲ್ಲಿ ಗೊತ್ತಾಗ್ಲಿಲ್ಲ, ಎಲ್ಲಿ ಬೇಜಾರಾಯ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಯಜಮಾನರಿಗೂ ಆಡೋಕೆ ಕೊಡಿ.