ಶೃಂಗಸಭಾ ನಿವಾರಣ ಶಾಸ್ತ್ರ: ಬದನಗುಪ್ಪೆ ಸಿದ್ಧಾಂತದ ವಿವೇಚನೆ

ದೊಡ್ಡವರು ಒಳಗೆ ಸೇರಿದಾಗ ಸಣ್ಣವರು ಬೀದಿಯಲ್ಲಿ ಸೇರುವ ಪದ್ಧತಿಯ ಬಗ್ಗೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಆದರೆ ಅವರೆಲ್ಲ 1999ರ ಸಿಯಾಟಲ್, 2001ರ ಜಿನೋವಾ ಪ್ರತಿಭಟನೆ ಎಂದು ಅಲ್ಲಲ್ಲೇ ಸುತ್ತುತ್ತಾರೆ. ನಂಜನಗೂಡು, ಕವಲಂದೆ ದಾಟಿ ಚಾಮರಾಜನಗರದ ಬಳಿಯ ಬದನಗುಪ್ಪೆಯವರೆಗೆ ಬಂದವರು ನಮಗೆ ಕಾಣಲಿಲ್ಲ. ಊರಿಗೆ ರೈಲ್ವೆ ಸ್ಟೇಷನ್ನೇ ಇರುವಾಗ ಈ ಅಸಡ್ಡೆಯನ್ನು ಮನ್ನಿಸಲಾಗದು. ಆ ಕೊರತೆಯನ್ನು ತುಂಬಲು ನಾವು ಹೊರಟಿದ್ದೇವೆ. (ನಾವು ಎಂದರೆ ನಾನೊಬ್ಬನೇ. ಶಾಸ್ತ್ರಗ್ರಂಥದಲ್ಲಿ ಬಹುವಚನಕ್ಕೆ ಖರ್ಚಿಲ್ಲ.)

ಮೊದಲು ಪೂರ್ವಾಚಾರ್ಯರ ಸ್ಮರಣೆ. ಈ ಸೀಮೆಯಲ್ಲಿ ಬೀದಿಗಿಳಿಯುವ ವಿದ್ಯೆಗೆ ಎರಡು ಪಂಥಗಳಿವೆ. ಒಂದು ಪ್ರಾಣಿ ಪಂಥ. ಚಾಮರಾಜನಗರದಿಂದ ವಿಧಾನಸಭೆಗೆ ಗೆದ್ದು ಹೋಗಿದ್ದ ವಾಟಾಳ್ ನಾಗರಾಜ್ ಅವರು ಕತ್ತೆ, ಎಮ್ಮೆಗಳನ್ನು ಸಾರ್ವಜನಿಕ ಜೀವನಕ್ಕೆ ಕರೆತಂದು ಇದನ್ನು ಬೆಳೆಸಿದರು. ಅಂದಿನ ಬೇಡಿಕೆ ಏನೆಂದು ಕತ್ತೆಗೆ ಮುಂಚಿತವಾಗಿ ತಿಳಿಸಲಾಗುತ್ತಿತ್ತೇ ಎಂಬ ಮುಖ್ಯ ಪ್ರಶ್ನೆಯನ್ನು ಪತ್ರಕರ್ತರು ಕೇಳದೆ ಬಿಟ್ಟದ್ದರಿಂದ ಆ ಅಧ್ಯಾಯವನ್ನು ಇಲ್ಲಿಗೇ ಮುಗಿಸುತ್ತೇವೆ.

ಎರಡನೆಯದು ಹಸಿರು ಶಾಲಿನ ಪಂಥ. 1980ರ ನರಗುಂದ–ನವಲಗುಂದದ ಬಂಡಾಯದ ಬಿಸಿಯಲ್ಲಿ ಹುಟ್ಟಿದ ರೈತಸಂಘದ್ದು. ಇದರ ಆಚಾರ್ಯರು ಪ್ರೊ. ಎಂ.ಡಿ. ನಂಜುಂಡಸ್ವಾಮಿ. ಕಾನೂನಿನ ಮೇಷ್ಟ್ರು. ಯಾವ ಸೆಕ್ಷನ್ನಿಗೂ ಸಿಗದ ಅಪರಾಧವನ್ನು ಹುಡುಕುವುದು ಕಾನೂನು ಬಲ್ಲವರಿಗೆ ಮಾತ್ರ ಸಾಧ್ಯ. ಅವರು ಹುಡುಕಿದ್ದು ನಗುವನ್ನು. ವಿಧಾನಸೌಧದ ಮುಂದೆ ರೈತರೆಲ್ಲ ಸೇರಿ ದಿನವಿಡೀ ನಕ್ಕರು, ಸ್ವಲ್ಪ ದಿನದಲ್ಲೇ ಸರ್ಕಾರ ಬಿತ್ತು ಎಂದು ಚಳವಳಿಯವರು ಹೇಳಿಕೊಂಡು ಬಂದಿದ್ದಾರೆ. ಯಾವ ಸರ್ಕಾರ, ಎಷ್ಟು ದಿನ ಎಂದು ಕೆದಕುವುದು ಚರಿತ್ರೆಕಾರರ ಚಟ. ಶಾಸ್ತ್ರಕಾರನಿಗೆ ಬಿದ್ದದ್ದು ಮುಖ್ಯ.

1999ರ ಮೇ–ಜೂನ್‌ನಲ್ಲಿ ಇದೇ ವಿದ್ಯೆ ಸಮುದ್ರ ದಾಟಿತು. ನಾನೂರಕ್ಕೂ ಹೆಚ್ಚು ರೈತರು, ಬಹುಪಾಲು ಭಾರತದವರು, ಬಸ್ಸುಗಳಲ್ಲಿ ಯುರೋಪು ಸುತ್ತಿ, ಕೊನೆಗೆ ಎಂಟು ಶ್ರೀಮಂತ ದೇಶಗಳ ಶೃಂಗಸಭೆ ನಡೆಯುತ್ತಿದ್ದ ಜರ್ಮನಿಯ ಕೊಲೋನಿಗೆ ಬಂದರು. ಜಗತ್ತಿನ ಸಾಲದ ಲೆಕ್ಕ ನೋಡಲು ಒಳಗೆ ಎಂಟು ಜನ ಕೂತಿದ್ದರೆ, ಅವರನ್ನು ನೋಡಿ ನಗುವ ಮೆರವಣಿಗೆ ಹೊರಗಿನವರ ಕಾರ್ಯಕ್ರಮ.

ಇಲ್ಲಿ ಭರತಮುನಿಯನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ನಾಟ್ಯಶಾಸ್ತ್ರದಲ್ಲಿ ನಗು ಆರು ಬಗೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಮೊದಲೆರಡು ಉತ್ತಮರಿಗೆ, ನಡುವಿನೆರಡು ಮಧ್ಯಮರಿಗೆ, ಕೊನೆಯೆರಡು ಅಧಮರಿಗೆ. ಶೃಂಗಸಭೆಯ ಗುಂಪು ಫೋಟೋ ನೋಡಿ: ಹಲ್ಲು ಕಾಣದ ಹಾಗೆ, ಕೆನ್ನೆ ತುಸುವೇ ಅರಳಿದ ಹಾಗೆ, ಶುದ್ಧ ಸ್ಮಿತ. ಸಭೆ ಮುರಿದುಬಿದ್ದಿದ್ದರೂ ಅದೇ ಸ್ಮಿತ. ಅವರು ಮುನಿಯ ಮಾತು ಮೀರಿದವರಲ್ಲ. ಕಣ್ಣಲ್ಲಿ ನೀರು ಬರುವ, ಹೆಗಲು ತಲೆ ಕುಣಿಯುವ, ಪಕ್ಕೆ ಹಿಡಿದುಕೊಂಡು ನಗುವ ಬಗೆಗಳನ್ನು ಮುನಿ ಬೀದಿಯವರಿಗೇ ಬಿಟ್ಟುಕೊಟ್ಟಿದ್ದಾನೆ. ನಮ್ಮ ಕಾನೂನಿನಲ್ಲಿ ಮೈಕಿಗೆ, ಮೆರವಣಿಗೆಗೆ ಅನುಮತಿ ಬೇಕು. ನಗಲು ಅನುಮತಿ ಕೇಳೋಣವೆಂದರೆ ಅರ್ಜಿಯ ನಮೂನೆಯೇ ಇಲ್ಲ. ಐದು ಜನ ಸೇರಬಾರದು ಎಂದಾಗ ನಾಲ್ಕು ಜನ ನಗಬಹುದೇ? ಐದನೆಯವನು ದೂರದಿಂದ ನಕ್ಕರೆ ಅವನನ್ನೂ ಲೆಕ್ಕಕ್ಕೆ ಹಿಡಿಯಬೇಕೇ? ಪೊಲೀಸ್ ತರಬೇತಿಯಲ್ಲಿ ನಾಟ್ಯಶಾಸ್ತ್ರವನ್ನು ಪಠ್ಯವಾಗಿಸುವವರೆಗೆ ಈ ಗೊಂದಲ ತಪ್ಪಿದ್ದಲ್ಲ. ಬೆಂಗಳೂರಿನಲ್ಲಂತೂ ಪ್ರತಿಭಟನೆಗೆ ಈಗ ಫ್ರೀಡಂ ಪಾರ್ಕ್ ಒಂದೇ ಜಾಗ. ಅದು ಹಿಂದೆ ಸೆಂಟ್ರಲ್ ಜೈಲಾಗಿತ್ತು. ಮೊದಲು ಪ್ರತಿಭಟಿಸಿ ಜೈಲಿಗೆ ಹೋಗುತ್ತಿದ್ದರು, ಈಗ ಜೈಲಿಗೆ ಹೋಗಿ ಪ್ರತಿಭಟಿಸುತ್ತಾರೆ. ಒಂದು ಪ್ರಯಾಣದ ಖರ್ಚು ಉಳಿಯಿತು.

ಈಗ ಕೊಲೋನಿನ ನಗುವಿನ ಫಲಶ್ರುತಿ. ಅಧ್ಯಕ್ಷ ಯೆಲ್ತ್ಸಿನ್ ಬರುವವರೆಗೆ ರಷ್ಯದ ಪರವಾಗಿ ಕೂತಿದ್ದ ಪ್ರಧಾನಿ ಸ್ತೆಪಾಶಿನ್ ಅವರನ್ನು ಆಗಸ್ಟ್‌ನಲ್ಲಿ ಕಿತ್ತುಹಾಕಲಾಯಿತು. ಕಿತ್ತುಹಾಕಿದ ಯೆಲ್ತ್ಸಿನ್ ಡಿಸೆಂಬರ್ 31ಕ್ಕೆ ತಾವೇ ರಾಜೀನಾಮೆ ಕೊಟ್ಟರು. ಇಟಲಿಯ ಪ್ರಧಾನಿ ದಲೇಮಾ 2000ದ ಏಪ್ರಿಲ್‌ನಲ್ಲಿ ಇಳಿದರು. ಬ್ರಿಟನ್ನಿನ ಬ್ಲೇರ್ ಮತ್ತು ಫ್ರಾನ್ಸಿನ ಶಿರಾಕ್ 2007ರವರೆಗೆ ಉಳಿದರಲ್ಲಾ ಎಂದು ಪೂರ್ವಪಕ್ಷದವರು ಕೇಳಬಹುದು. ತಾಳ್ಮೆಯಿರಲಿ, ಆ ಇಸವಿ ಮುಂದೆ ಬರುತ್ತದೆ.

ಸಿದ್ಧಾಂತದ ಎರಡನೇ ಕಾಲು ಚಾಮರಾಜನಗರದ ಮಣ್ಣಿನಲ್ಲಿದೆ. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆಂಬ ಪ್ರತೀತಿ ನಾಡಿಗೆಲ್ಲ ಗೊತ್ತು. ದೇವರಾಜ ಅರಸು, ಗುಂಡೂರಾವ್, ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲ್: ನಂಬುವವರ ಪಟ್ಟಿಯೇ ಒಂದು ಮಂತ್ರಿಮಂಡಲದಷ್ಟಿದೆ. 1997ರಲ್ಲಿ ಜೆ.ಎಚ್. ಪಟೇಲರು ಹೊಸ ಜಿಲ್ಲೆಯನ್ನು ಉದ್ಘಾಟಿಸಿದ್ದು ಪಟ್ಟಣದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಆದರೂ 1999ರಲ್ಲಿ ಅಧಿಕಾರ ಹೋಯಿತು. ಕೊಲೋನಿನ ನಗು ಬೆಟ್ಟಕ್ಕೂ ಕೇಳಿಸಿರಬೇಕು. ಕುಮಾರಸ್ವಾಮಿಯವರು ಧೈರ್ಯ ಮಾಡಿ 2007ರಲ್ಲಿ ಪಟ್ಟಣಕ್ಕೇ ಬಂದರು; ಅದೇ ಅಕ್ಟೋಬರ್‌ನಲ್ಲಿ ರಾಜೀನಾಮೆ. ಬ್ಲೇರ್, ಶಿರಾಕ್, ಕುಮಾರಸ್ವಾಮಿ ಮೂವರಿಗೂ ಒಂದೇ ಇಸವಿ. ಇದನ್ನು ಕಾಕತಾಳೀಯ ಎನ್ನುವವರು ಕಾಗೆಯನ್ನು ವಿಚಾರಿಸಿದ್ದಾರೆಯೇ?

ಸಿದ್ದರಾಮಯ್ಯನವರ ಪ್ರಕರಣವನ್ನು ನಾವು ಮುಚ್ಚಿಡುವುದಿಲ್ಲ. 2013ರಿಂದ ಅವರು ಬಂದರು, ಮತ್ತೆ ಮತ್ತೆ ಬಂದರು, ಐದು ವರ್ಷ ಪೂರ್ತಿ ಆಳಿದರು. 2025ರ ಏಪ್ರಿಲ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದಲ್ಲಿ ಇಡೀ ಸಚಿವ ಸಂಪುಟವನ್ನೇ ಕೂರಿಸಿದರು. ಸಿದ್ಧಾಂತ ಅಲುಗಾಡಿತೇ? ಇಲ್ಲ. ಅವರು ವಕೀಲಿಯ ದಿನಗಳಲ್ಲೇ ನಂಜುಂಡಸ್ವಾಮಿಯವರ ಪ್ರಭಾವಕ್ಕೆ ಸಿಕ್ಕವರು, ಮೇಲಾಗಿ ಪಕ್ಕದ ಸೀಮೆಯವರು. ಎಳೆಯ ವಯಸ್ಸಿನಲ್ಲೇ ಲಸಿಕೆ ಹಾಕಿಸಿಕೊಂಡ ಮೈ ಅದು. ಕೊಲೋನಿನಲ್ಲಿ ಕೂತಿದ್ದ ಕ್ಲಿಂಟನ್ನರಿಗೆ ಆ ಅನುಕೂಲವಿರಲಿಲ್ಲ.

ಹೀಗೆ ನಗು ಮತ್ತು ನೆಲ, ಎರಡೂ ಬೇರೆ ಬೇರೆಯಾಗಿಯೇ ಸರ್ಕಾರ ಬೀಳಿಸಬಲ್ಲವು ಎಂದಾಯಿತು. ಇವೆರಡನ್ನು ಒಂದೇ ಕಡೆ ಕೂಡಿಸಿದರೆ? ಮುಳ್ಳುತಂತಿ ಹಾರಿ, ಅಶ್ರುವಾಯು ಕುಡಿದು ಶೃಂಗಸಭೆಯ ಬಾಗಿಲಿಗೆ ಹೋಗುವುದು ಹಳೆಯ ಕ್ರಮ. ಹೊಸ ಕ್ರಮದಲ್ಲಿ ಶೃಂಗಸಭೆಯನ್ನೇ ಬದನಗುಪ್ಪೆಗೆ ಆಹ್ವಾನಿಸುವುದು. ಜಾಗಕ್ಕೆ ಬರವಿಲ್ಲ; ರೈತರಿಂದ ಪಡೆದ ನೆಲದಲ್ಲಿ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವಿದೆ. 2025ರ ಫೆಬ್ರುವರಿಯಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ ಹೂಡಿಕೆದಾರರ ಸಮಾವೇಶ 10.27 ಲಕ್ಷ ಕೋಟಿ ರೂಪಾಯಿಯ ಲೆಕ್ಕ ಹೇಳಿತು. ಅಷ್ಟು ದುಡ್ಡು ಅರಮನೆ ಮೈದಾನದಲ್ಲಿ ಹಿಡಿಸುವುದೇ ಕಷ್ಟ. ಮುಂದಿನ ಸಮಾವೇಶಕ್ಕೆ ಇಲ್ಲಿಗೇ ಬರಲಿ. ಬಂದರೆ ಮಣ್ಣಿನ ಮಹಿಮೆಗೆ ಕುರ್ಚಿ ಹೋಗುತ್ತದೆ, ಹೆದರಿ ಬರದಿದ್ದರೆ ಸಭೆಯೇ ಹೋಗುತ್ತದೆ. ಎರಡರಲ್ಲೂ ಒಂದು ಕಲ್ಲೂ ಎಸೆಯಬೇಕಾಗಿಲ್ಲ.

ಈ ಪ್ರಮೇಯವನ್ನು ಬದನಗುಪ್ಪೆಯ ಟೀ ಅಂಗಡಿಯಲ್ಲಿ ಮಂಡಿಸಿದಾಗ ಹಸಿರು ಶಾಲು ಹೊದ್ದ ಹಿರಿಯರೊಬ್ಬರು ಕೊನೆಯವರೆಗೆ ಕೇಳಿ, ಲೋಟ ಕೆಳಗಿಟ್ಟು ಆಕ್ಷೇಪ ಎತ್ತಿದರು: “ಅದೆಲ್ಲಾ ಸರಿ ಕನ ಮೇಷ್ಟ್ರೇ, ಅವ್ರು ಬರ್ನೇ ಇಲ್ಲ ಅಂದ್ರ ನಾವು ಯಾರ ಮುಂದ ನಗಾದು?”

ಇದು ಗಂಭೀರ ಆಕ್ಷೇಪ. ಅದಕ್ಕೆ ನಮ್ಮ ಪರಿಹಾರ ಹೀಗಿದೆ. ಶೃಂಗಸಭೆ ನಡೆಯಲಿ ಬಿಡಲಿ, ಅದರ ಪೂರ್ವಭಾವಿ ಸಭೆ ನಡೆದೇ ನಡೆಯುತ್ತದೆ. ಶಾಮಿಯಾನ ಹಾಕುತ್ತಾರೆ, ಹಾರ ತರಿಸುತ್ತಾರೆ, ಜಿಲ್ಲೆಯ ಅಷ್ಟೂ ಇಲಾಖೆಗಳ ಅಧಿಕಾರಿಗಳು ಜೀಪಿನಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಅಭ್ಯಾಸಕ್ಕೆ ಅವರು ಸಾಕು.