ಹೋಗಿ ಆಟೋ ಹೊಡಿ ಅಂದೋರು ಯಾರ್ರೀ?

ಆಗಸ್ಟ್ 3, 2025ರ ಭಾನುವಾರ ಸಂಜೆ. ಬೀದರಿನ ಒಂದು ಚಹಾದಂಗಡಿಯ ಟಿವಿಯಲ್ಲಿ ಓವಲ್ ಟೆಸ್ಟ್ ನಡೆದಿತ್ತು. ನಮ್ಮ ಪ್ರಸಿದ್ಧ ಕೃಷ್ಣ ಹಾಕಿದ ಚೆಂಡನ್ನು ಹ್ಯಾರಿ ಬ್ರೂಕ್ ಎತ್ತಿ ಹೊಡೆದ. ಗಡಿಯಲ್ಲಿದ್ದ ಸಿರಾಜ್ ಹಿಡಿದ, ಹಿಡಿದವನೇ ಹಿಂದೆ ಸರಿದು ಹಗ್ಗ ತುಳಿದ. 19ಕ್ಕೆ ಹೋಗಬೇಕಿದ್ದ ಬ್ರೂಕ್ 111 ಹೊಡೆದ. ಅಂಗಡಿಯಲ್ಲಿ ಒಬ್ಬರು ಬಸಿ ಕೆಳಗಿಟ್ಟು ಆ ಮಾತು ಆಡಿಯೇ ಬಿಟ್ಟರು. ಯಾವ ಮಾತು ಅಂತ ಆರ್‌ಸಿಬಿ ಮಂದಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಸೋಮವಾರ ಅದೇ ಸಿರಾಜ್ ಆಟ್ಕಿನ್ಸನ್‌ನ ಸ್ಟಂಪು ಕಿತ್ತು ಭಾರತವನ್ನು 6 ರನ್ನಿನಿಂದ ಗೆಲ್ಲಿಸಿದ. ಮಂಗಳವಾರ ನೋಡುತ್ತೇನೆ, ಬಸಿ ಕೆಳಗಿಟ್ಟವರ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಸಿರಾಜ್. ಫೋಟೋದ ಕೆಳಗೆ ಮೂರು ಬೆಂಕಿ.

ಬೈಗುಳ ಬಿದ್ದದ್ದು ಸಿರಾಜನಿಗೆ. ಆದರೆ ಅದರೊಳಗೆ ಇನ್ನೊಬ್ಬರ ಹೆಸರೂ ಇತ್ತು. ಅವರನ್ನು ಈವರೆಗೆ ಯಾರೂ ಕೇಳಿಲ್ಲ. ಕೇಳೋಣವೆಂದು ಚೌಬಾರಕ್ಕೆ ಹೋದೆ.

ಜಿಟಿಜಿಟಿ ಮಳೆ. 71 ಅಡಿಯ ಕಾವಲು ಗೋಪುರದ ಬುಡದಲ್ಲಿ ನಾಲ್ಕು ಆಟೋ. ಮೂರರಲ್ಲಿ ಚಾಲಕರು ಕಾಲು ಚಾಚಿ ಮೊಬೈಲು ನೋಡುತ್ತಿದ್ದರು. ನಾಲ್ಕನೆಯದರವನು ಚಹಾಕ್ಕೆ ಹೋಗಿದ್ದ. ಅದರ ಹಿಂದಿನ ರೆಕ್ಸಿನ್ ಮೇಲಿನ ಸ್ಟಿಕರ್‌ನಲ್ಲಿ ‘ಈ ಸಲ’ ಹರಿದುಹೋಗಿ, ‘ಕಪ್ ನಮ್ದೇ’ ಮಾತ್ರ ಉಳಿದಿತ್ತು. ಅದರೊಳಗೆ ಹತ್ತಿ ಕುಳಿತೆ.

ನಾನು: ನಮಸ್ಕಾರ. ಎರಡು ಮಾತು ಕೇಳಬಹುದಾ?

ಆಟೋ: ಕೇಳ್ರಿ ಸಾಹೇಬ್ರ. ಆದ್ರ ಮೀಟರ್ ಹಾಕಂಗಿಲ್ಲ ಮತ್ತ. ಬೀದರದಾಗ ಮೀಟರ್ ತಿರುಗಿದ್ದು ಎಂದರ ಕಂಡೀರೇನು?

ನಾನು: ಸಿರಾಜ್ ಆರ್‌ಸಿಬಿ ಬಿಟ್ಟು ಹೋದ ಮೇಲೆ...

ಆಟೋ: ತಡೀರಿ. ಬಿಟ್ಟು ಹೋದ ಅನಬ್ಯಾಡ್ರಿ. ಬಿಟ್ಟರು ಅನ್ರಿ. 2024ರ ನವೆಂಬರ್‌ದಾಗ ಜೆಡ್ಡಾದಾಗ ಸಂತಿ ಕೂಡ್ತು. ನಮ್ಮ ದನದ ಸಂತ್ಯಾಗ ಟವೆಲ್ಲಿನ ಕೆಳಗ ಬೆರಳು ಹಿಡದು ರೇಟು ಹೇಳ್ತಾರ, ಎತ್ತಿಗರ ಗೊತ್ತಾಗಬಾರದು ಅಂತ. ಅಲ್ಲಿ ಹಂಗಿಲ್ಲ, ಟಿವಿ ಮುಂದ ಫಳಿ ಎತ್ತತಾರ. ಗುಜರಾತಿನವರು 12.25 ಕೋಟಿ ಅಂದ್ರು. ನಮ್ಮೋರು ವಾಪಸ್ ಕರ್ಕೋಬಹುದಿತ್ತು. ಸುಮ್ಮ ಕುಂತ್ರು. ಈಗ ಹೇಳ್ರಿ, ಯಾರು ಯಾರನ್ನ ಬಿಟ್ರು?

ನಾನು: ಆಯ್ತು. ಏಳು ಸೀಸನ್, 87 ಪಂದ್ಯ, 83 ವಿಕೆಟ್. ಕಪ್ ಮಾತ್ರ ಸೊನ್ನೆ. ಅವನು ಹೋದ ಮರು ಸೀಸನ್ನಿಗೇ ಕಪ್ ಬಂತು. ‘ಅವ ಹೋದ, ಶನಿ ಬಿಡ್ತು’ ಅಂತ ಅಭಿಮಾನಿಗಳು ಲೆಕ್ಕ ಮುಗಿಸಿದ್ದಾರೆ.

ಆಟೋ: ಹಂಗಾದ್ರ ನನ್ನ ಲೆಕ್ಕಾನೂ ಬರ್ಕೋರಿ. 2009ರ ಫೈನಲ್‌ದಾಗ ಡೆಕ್ಕನ್ ಚಾರ್ಜರ್ಸ್ ಕೈಲಿ 6 ರನ್ನಿಗೆ ಸೋತ್ವಿ. ಆಗ ಈ ಹುಡುಗಗ ಹದಿನೈದು ವರ್ಷ. 2011ರಾಗ ಚೆನ್ನೈ ಕೈಲಿ 58 ರನ್ನಿಗೆ. 2016ರಾಗ ಸನ್‌ರೈಸರ್ಸ್ ಕೈಲಿ 8 ರನ್ನಿಗೆ. ಮೂರೂ ಸಲ ಅವ ನಮ್ಮ ತಂಡದಾಗ ಇದ್ದಿಲ್ಲ. ಶನಿ ಆಗ ಯಾರ ಹೆಗಲ ಮ್ಯಾಲ ಕುಂತಿದ್ದ? 2025ರ ಜೂನ್ 3ಕ್ಕ ಪಂಜಾಬ್ ಮ್ಯಾಲ 6 ರನ್ನಿಲೆ ಗೆದ್ವಿ. ಆಗಸ್ಟ್ 4ಕ್ಕ ಅವ ಓವಲ್‌ದಾಗ 6 ರನ್ನಿಲೆ ಗೆದ್ದ. ಆರಕ್ಕ ಆರು ಸರಿ ಆಯ್ತು. ಲೆಕ್ಕ ಚುಕ್ತಾ.

ನಾನು: ಮೂರರಲ್ಲಿ ಎರಡು ಸಲ ಹೈದರಾಬಾದಿನವರ ಕೈಲೇ ಸೋಲು. ಸಿರಾಜನೂ ಹೈದರಾಬಾದಿನವನು. ‘ಹೊರಗಿನವ’ ಅನ್ನುವ ಮಾತೂ ಇದೆ. ಅಂದಹಾಗೆ ಹೊರಗಿನವರು ಅಂದರೆ ನೆನಪಾಗುತ್ತದೆ, ಇದೇ ಊರಿನಲ್ಲಿ ಇರಾನಿನ ಗಿಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿ ದಿವಾನನಾದ ಮಹಮೂದ್ ಗವಾನ್...

ಆಟೋ: ಸಾಹೇಬ್ರ, ನಾ ಕ್ರಿಕೆಟ್ ಮಾತಾಡ್ಲತ್ತೀನಿ.

ನಾನು: ನಾನೂ ಅದನ್ನೇ. ದಖ್ಖನಿಗಳು, ಅಫಾಕಿಗಳು ಅಂತ ಎರಡು ಪಾರ್ಟಿ. ಒಳಗಿನವರಿಗೆ ಹೊರಗಿನವರನ್ನು ಕಂಡರೆ ಆಗದು...

ಆಟೋ: ಹೊರಗ ಒಳಗ ಅಂದ್ರ ನನಗ ಭಾಲ್ಕಿ ನೆನಪಾಗತದ. ನಿಜಾಮನ ಕಾಲದಾಗ ಚನ್ನಬಸವ ಪಟ್ಟದ್ದೇವರು ಹೊರಗ ಉರ್ದು ಬೋರ್ಡ್ ಹಾಕಿ ಒಳಗ ಕನ್ನಡ ಕಲಿಸಿದ್ರು. ಆರ್‌ಸಿಬಿದು ಉಲ್ಟಾ. ಹೊರಗ ಬೆಂಗಳೂರು ಬೋರ್ಡ್, ಒಳಗ ಹುಡುಕ್ರಿ. ಕಪ್ ಗೆದ್ದ ಫೈನಲ್‌ದಾಗ ಹನ್ನೊಂದು ಮಂದಿಯೊಳಗ ನಮ್ಮ ರಾಜ್ಯದಾಂವ ಮಯಾಂಕ್ ಅಗರವಾಲ್ ಒಬ್ಬನೇ. ಇಲ್ಲಿಂದ ಬೆಂಗಳೂರು ಏಳುನೂರು ಕಿಲೋಮೀಟರ್ ಆಗತದ, ಹೈದರಾಬಾದು ನೂರಾ ನಲವತ್ತು. ಔರಾದ ಕಡೀ ಹುಡುಗರು ಹೊಟ್ಟಿಪಾಡಿಗೆ ಎಲ್ಲಿಗೆ ಹೋಗ್ತಾರ? ಹೈದರಾಬಾದಿಗೆ. ಹೋಗಿ ಏನು ಮಾಡ್ತಾರ? ನನ್ನ ಅಣ್ಣತಮ್ಮಂದಿರ್ನ ಹೊಡೀತಾರ. ನಮ್ಮ ಮಾಲಕನೂ ಹತ್ತು ವರ್ಷ ಅಲ್ಲೇ ಹೊಡದು ಬಂದಾನ. ಇಂಥಾ ಊರಾಗ ಕುಂತು ‘ಹೋಗಿ ಆಟೋ ಹೊಡಿ’ ಅಂತಾರಲ್ಲ, ಯಾರಿಗ ಅಂತಾರ?

ನಾನು: ಆ ಮಾತಿಗೆ ಬರೋಣ. ಮೊದಲು ನಿಮ್ಮ ಕಷ್ಟ ಹೇಳಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಯ್ತು. ಗಿರಾಕಿ ಕಡಿಮೆಯಾಗಿಲ್ಲವಾ?

ಆಟೋ: ಆಗ್ಯಾರ. ಇರ್ಲಿ ಬಿಡ್ರಿ, ನಮ್ಮವ್ವ ತಂಗ್ಯಾರೇ.

ನಾನು: ಬ್ಯಾಟರಿ ರಿಕ್ಷಾ?

ಆಟೋ: ಅದೂ ಇರ್ಲಿ.

ನಾನು: ರಸ್ತೆಯ ತಗ್ಗು?

ಆಟೋ: ತಗ್ಗು ನನಗ ಹೊಸಾದೇನ್ರಿ? ನಾ ಹೇಳೋದು ಕೇಳ್ರಿ. ಹುಡುಗ ಎಸ್ಸೆಸ್ಸೆಲ್ಸಿ ಫೇಲಾದ, ‘ಆಟೋ ಹೊಡಿ’. ನೌಕರಿ ಸಿಗಲಿಲ್ಲ, ‘ಆಟೋ ಹೊಡಿ’. ಬೀಮರ್ ಹಾಕಿದ, ‘ಆಟೋ ಹೊಡಿ’. ಎಲೆಕ್ಷನ್‌ದಾಗ ಠೇವಣಿ ಕಳಕೊಂಡೋರಿಗೆ ಯಾರರ ಅಂದಾರೇನು ‘ಹೋಗಿ ಆಟೋ ಹೊಡಿ’ ಅಂತ? ಇಲ್ಲ. ಅವ್ರಿಗೆ ನಿಗಮ ಮಂಡಳಿ ಕೊಡ್ತಾರ. ನಾ ಅಂದ್ರ ಸೋತೋರ ಗೋದಾಮು ಏನ್ರಿ? ಹಬ್ಬದ ಮುಂಜಾನಿ ಚೌಬಾರದಿಂದ ನಯಾ ಕಮಾನಿನ ತನಾ ನನ್ನ ಒಮ್ಮಿ ಹೊಡ್ದು ತೋರಿಸ್ಲಿ. ಎಡಕ್ಕ ಎಮ್ಮಿ, ಬಲಕ್ಕ ಬಾಳಿಹಣ್ಣಿನ ಬಂಡಿ, ಮುಂದ ಬುಲೆಟ್ ಮ್ಯಾಲ ಮೂರು ಮಂದಿ. ಲೈನ್ ಅಂದ್ರೇನು, ಲೆಂತ್ ಅಂದ್ರೇನು ಅಂತ ಅವಾಗ ತಿಳೀತದ. ಸಿರಾಜ್ ‘ವಾಬಲ್ ಸೀಮ್’ ಹಾಕ್ತಾನಂತ ಇಂಗ್ಲಿಷಿನಾಗ ಹೊಗಳ್ತಾರ. ನನ್ನ ಮುಂದಿನ ಗಾಲಿ ನೋಡ್ರಿ. ಅವ ಎಲ್ಲಿ ಕಲ್ತಾನ ಅಂತ ನಾ ಹೇಳಬೇಕೇನು?

ನಾನು: ಆ ಬೈಗುಳದ ವಿಷಯ ಸಿರಾಜನೇ ಹೇಳಿಕೊಂಡಿದ್ದಾನೆ. 2019ರಲ್ಲಿ ಕೋಲ್ಕತ್ತ ವಿರುದ್ಧ ಎರಡು ಬೀಮರ್ ಹಾಕಿದ್ದಕ್ಕೆ, ಮೂರನೇ ಓವರ್ ಮುಗಿಸುವ ಮೊದಲೇ ಚೆಂಡು ಕಿತ್ತುಕೊಂಡರು. ‘ಕ್ರಿಕೆಟ್ ಬಿಡು, ಹೋಗಿ ನಿಮ್ಮಪ್ಪನ ಜೊತೆ ಆಟೋ ಓಡಿಸು’ ಅಂತ ಮಂದಿ ಅಂದರಂತೆ.

ಆಟೋ: ಮರುವರ್ಷ ಅದೇ ಕೋಲ್ಕತ್ತ. 4 ಓವರ್, 2 ಮೇಡನ್, 8 ರನ್, 3 ವಿಕೆಟ್. ಒಂದೇ ಪಂದ್ಯದಾಗ ಎರಡು ಮೇಡನ್ ಐಪಿಎಲ್‌ದಾಗ ಅದಕ್ಕ ಮೊದಲ ಯಾರೂ ಹಾಕಿದ್ದಿಲ್ಲ. ಆವತ್ತ ಯಾರೂ ‘ಆಟೋದಾಂವ’ ಅನ್ಲಿಲ್ಲ, ‘ಮಿಯಾ ಮ್ಯಾಜಿಕ್’ ಅಂದ್ರು. ನನ್ನ ಹೆಸರು ಸೋತಾಗಷ್ಟೇ ಬರತದ. 2023ರ ಸೆಪ್ಟೆಂಬರ್ 17, ನಮ್ಮ ಕಲ್ಯಾಣ ಕರ್ನಾಟಕ ಉತ್ಸವದ ದಿನ. ಮುಂಜಾನಿ ಬಾವುಟ ಏರ್ತು, ಮಧ್ಯಾಹ್ನ ಕೊಲಂಬೊದಾಗ ಲಂಕಾದ ವಿಕೆಟ್ ಇಳೀತು. 21ಕ್ಕ 6, ಒಂದೇ ಓವರ್‌ದಾಗ 4. ಲಂಕಾ 50ಕ್ಕ ಖಲಾಸ್. ಬಂದ ಇನಾಮು ಮೈದಾನದ ಕೆಲಸದೋರಿಗೆ ಕೊಟ್ಟ. ದುಡಿಯೋರ ಮನಿ ಹುಡುಗ ನೋಡ್ರಿ, ಮೈದಾನ ಯಾರು ಒಣಗಿಸ್ತಾರ ಅಂತ ಗೊತ್ತದ.

ನಾನು: ಈಗ ತೆಲಂಗಾಣದಲ್ಲಿ ಡಿಎಸ್‌ಪಿ ಕೂಡ.

ಆಟೋ: ಅದು ಹೇಳಬ್ಯಾಡ್ರಿ, ಎದಿ ಝಲ್ ಅಂತದ. ನಮ್ಮ ಕುಲದಾಗ ಹುಟ್ಟಿ ಪೊಲೀಸ್ ಆದಾಂವ ಅವನೊಬ್ಬನೇ ಇರಬೇಕು. ಖುಷಿ ಅದ. ಆದ್ರೂ ಖಾಕಿ ಕಂಡ್ರ ನನ್ನ ಬ್ರೇಕ್ ತಾನೇ ಬೀಳತದ.

ನಾನು: ದಿವಾನಗಿರಿಯ ಮಾತು ಬಂತಲ್ಲ...

ಆಟೋ: ಡಿಎಸ್‌ಪಿ ಅಂದ್ರಿ. ದಿವಾನ ಯಾರು ಅಂದ್ರು?

ನಾನು: ಅಧಿಕಾರ ಅಂದರೆ ಅಧಿಕಾರ. 1481ರಲ್ಲಿ ದಖ್ಖನಿಗಳು ಗವಾನನ ವಿರುದ್ಧ ಒಂದು ಪತ್ರ ಸೃಷ್ಟಿಸಿದರು. ಅವನ ಮೊಹರು ಬಿದ್ದ ಖಾಲಿ ಹಾಳೆ ಸಂಪಾದಿಸಿ, ಒಡಿಶಾದ ರಾಜನನ್ನು ದಂಡೆತ್ತಿ ಬಾ ಅಂತ ಕರೆದ ಹಾಗೆ ಬರೆದರು. ಕುಡಿದಿದ್ದ ಸುಲ್ತಾನ ಹಿಂದೆ ಮುಂದೆ ವಿಚಾರಿಸಲಿಲ್ಲ. ಎಪ್ಪತ್ತು ದಾಟಿದ ಮುದುಕನ ತಲೆ ತೆಗೆಸಿದ.

ಆಟೋ: ಅಂದ್ರ ಫಾರ್ವರ್ಡ್ ಮೆಸೇಜ್ ನಂಬಿ.

ನಾನು: ಅದೇ! ಅದೇ ನಾನು ಇಷ್ಟು ಹೊತ್ತಿನಿಂದ...

ಆಟೋ: ಆಯ್ತ್ರಿ, ಉಬ್ಬಬ್ಯಾಡ್ರಿ. ನಿಮ್ಮ ಪ್ರಶ್ನೆ ಕೇಳ್ರಿ.

ನಾನು: ಕಪ್ ಬಂದ ರಾತ್ರಿ ನೀವು ಎಲ್ಲಿದ್ರಿ?

ಆಟೋ: ಇಲ್ಲೇ. ನನ್ನ ಮ್ಯಾಲ ನಾಲ್ಕು ಮಂದಿ ಹತ್ತಿ ಕುಣಿದ್ರು. ಹಿಂದಿನ ರೆಕ್ಸಿನ್ ಹರದದ್ದು ಅವಾಗೇ. ನಮ್ಮ ಮಾಲಕನೂ ಕುಣದ. ಹದಿನೆಂಟು ವರ್ಷದ ಮ್ಯಾಲ ಬಂದ ಕಪ್, ಯಾಕ ಕುಣೀಬಾರದು? ಮರುದಿನ ಸಂಜಿಗೆ ಬೆಂಗಳೂರಿನ ಸುದ್ದಿ ಬಂತು. ಸ್ಟೇಡಿಯಂ ಬಾಗಿಲಾಗ 11 ಮಂದಿ. ಆಮ್ಯಾಲ ಇಲ್ಲಿ ಯಾರೂ ಹಾರ್ನ್ ಬಾರಿಸಲಿಲ್ಲ. ಸ್ಟಿಕರ್ ಹೊಸಾದು ಹಚ್ಚು ಅಂತ ಅಂಗಡಿಯಾಂವ ಪುಕ್ಕಟೆ ಕೊಡಾಕ ಬಂದ. ಮಾಲಕ ಬ್ಯಾಡ ಅಂದ.

ನಾನು: ಹಾಗಾದರೆ ಹೋದ ಆಟಗಾರನನ್ನು ಯಾವುದರಿಂದ ಅಳೆಯಬೇಕು? ಕಪ್ಪಿನಿಂದಲಾ, ವಿಕೆಟ್ಟಿನಿಂದಲಾ?

ಆಟೋ: ನೀವು ಅಳತಿ ಕೇಳ್ತೀರಿ. ನಾ ಒಂದು ಸವಾರಿ ಹೇಳ್ತೀನಿ. ಭಾನುವಾರ ರಾತ್ರಿ ನೆಹರೂ ಸ್ಟೇಡಿಯಂ ಕಡಿಂದ ಇಬ್ಬರು ಹುಡುಗರು ಹತ್ತಿದ್ರು. ಕಾಲೇಜು ಹುಡುಗರು, ಮೈಮ್ಯಾಲ ಕೆಂಪು ಜರ್ಸಿ. ಹಗ್ಗ ತುಳಿದದ್ದೇ ಮಾತು. ಒಬ್ಬ ಅಂದ, ‘ಇವ ಆಟೋ ಹೊಡಿಯಾಕ ಲಾಯಕ್ಕು’. ಇನ್ನೊಬ್ಬ ನಕ್ಕ. ಇಬ್ಬರೂ ಕುಂತದ್ದು ನನ್ನ ಸೀಟಿನ ಮ್ಯಾಲ. ಅವರ ಮುಂದ ಒಂದು ಮೊಳ ದೂರದಾಗ ನಮ್ಮ ಮಾಲಕನ ಬೆನ್ನು ಇತ್ತು. ಅವ ಏನೂ ಅನ್ಲಿಲ್ಲ. ಒಂದು ಬೆರಳಿಲೆ ಕನ್ನಡಿ ಆ ಕಡೀ ತಿರುವಿದ, ಅವರ ಮಾರಿ ಕಾಣಬಾರದು ಅಂತ. ಬಸ್ ಸ್ಟ್ಯಾಂಡಿನಾಗ ಇಳದು ‘ಏ, ಇಪ್ಪತ್ತು ತಗೋ’ ಅಂದ್ರು.

ನಾನು: ಅವರು ನಿಮ್ಮ ಮಾಲೀಕರನ್ನು ಉದ್ದೇಶಿಸಿ ಅಂದಿರಲಿಕ್ಕಿಲ್ಲ...

ಆಟೋ: ಅದೇ ಸಾಹೇಬ್ರ. ಉದ್ದೇಶ ಇಟ್ಟು ಬೈದಿದ್ರ ಜಗಳಾಡಬಹುದಿತ್ತು. ಅವ ಅಲ್ಲಿ ಕುಂತಾನ ಅನ್ನೋದೇ ಅವ್ರಿಗೆ ನೆನಪಿದ್ದಿಲ್ಲ.

(ಇಲ್ಲಿಂದ ಅದರ ದನಿ ಬದಲಾಯಿತು. ನಾನು ಪ್ರಶ್ನೆಯ ಚೀಟಿ ಮಡಿಚಿದೆ.)

2020ರ ನವೆಂಬರ್‌ದಾಗ ಆ ಹುಡುಗನ ಅಪ್ಪ ಹೈದರಾಬಾದಿನಾಗ ತೀರಿಕೊಂಡ್ರು. ಮೊಹಮ್ಮದ್ ಗೌಸ್ ಅಂತ. ಆಟೋ ಹೊಡೆದೇ ಮಗನ್ನ ಬೆಳೆಸಿದ್ರು. ಮಗ ಆಸ್ಟ್ರೇಲಿಯಾದಾಗ. ಬೇಕಾದ್ರ ಮನಿಗೆ ಹೋಗು ಅಂದ್ರು, ಅವ ಉಳದ. ಅಪ್ಪನ ಮಣ್ಣಿಗೆ ಬರಲಿಲ್ಲ. ಜನವರಿದಾಗ ಸಿಡ್ನಿಯೊಳಗ ಜನಗಣಮನಕ್ಕ ನಿಂತು ಅತ್ತ. ಅದೇ ಸಿಡ್ನಿದಾಗ ಹಿಂದಿನ ಗ್ಯಾಲರಿ ಮಂದಿ ಬಾಯಿಗೆ ಬಂದಂಗ ಬೈದ್ರು. ಅವ ಅಂಪೈರಿಗೆ ಹೇಳಿದ. ಆಟ ನಿಂತಿತು. ಪೊಲೀಸರು ಆರು ಮಂದಿನ್ನ ಎಬ್ಬಿಸಿ ಹೊರಗ ಹಾಕಿದ್ರು. ಮುಂದಿನ ಟೆಸ್ಟ್ ಬ್ರಿಸ್ಬೇನ್, 73ಕ್ಕ 5 ತಗೊಂಡ.

ಆ ಊರಿನ ಮಂದಿ ಬೈದಾಗ ಆಟ ನಿಲ್ತು. ನಮ್ಮ ಮಂದಿ ಅಪ್ಪನ ಕಸಬು ಹಿಡದು ಬೈದಾಗ ಯಾರು ನಿಲ್ಸಿದ್ರು? ಯಾವ ಗ್ಯಾಲರಿಯಿಂದ ಯಾರನ್ನ ಎಬ್ಬಿಸಿದ್ರು? ಅಪ್ಪ ಹೋದ ಮ್ಯಾಲೂ ಆ ಮಾತು ಹೋಗಲಿಲ್ಲ. ಮೊನ್ನೆ ಭಾನುವಾರ ಮತ್ತ ಬಂತು. ಇಂಗ್ಲೆಂಡಿನಾಗ ಐದೂ ಟೆಸ್ಟ್ ಆಡಿ 185.3 ಓವರ್ ಹಾಕಿ 23 ವಿಕೆಟ್ ತಗೊಂಡ್ರೂ, ಒಂದು ಹಗ್ಗ ತುಳಿದ್ರ ಸಾಕು, ಅಪ್ಪನ ಆಟೋ ತಂದು ನಿಲ್ಲಿಸ್ತೀರಿ. ಹೋದಾಂವನ ಅಳತಿ ಕೇಳ್ತೀರಲ್ಲ, ಅಳತಿ ನಿಮ್ಮದು ತಗೋರಿ. ಅವ ನೆಲಕ್ಕ ಬಿದ್ದಾಗ ನಿಮ್ಮ ಬಾಯಾಗ ಏನು ಬಂತು ಅನ್ನೋದೇ ನಿಮ್ಮ ಅಳತಿ.

(ಸ್ವಲ್ಪ ಹೊತ್ತು ಮಳೆಯ ಸಪ್ಪಳ.)

ನಾನು: ಏಪ್ರಿಲ್ 2ಕ್ಕೆ ಗುಜರಾತಿನ ಅಂಗಿ ತೊಟ್ಟು ಚಿನ್ನಸ್ವಾಮಿಗೆ ಬಂದು, 19 ರನ್ನಿಗೆ 3 ವಿಕೆಟ್ ತೆಗೆದು ನಮ್ಮನ್ನೇ ಸೋಲಿಸಿದನಲ್ಲ. ಅದು ಸೇಡಾ?

ಆಟೋ: ಸಾಲ್ಟ್ 105 ಮೀಟರ್ ಸಿಕ್ಸ್ ಹೊಡದ, ಮುಂದಿನ ಚೆಂಡಿಗೆ ಬೌಲ್ಡ್ ಮಾಡಿದ. ಅದು ಕೆಲಸ. ಸೇಡು ಇದ್ದಿದ್ರ ಏಳು ವರ್ಷ ಇದ್ದ ಮನಿ ಅಂತ ಮನಸು ಯಾಕ ತುಂಬಿ ಬರ್ತಿತ್ತು? ನಿಮ್ಮ ಗವಾನ್ ಸಾಹೇಬ್ರು ಏನರ ಸೇಡು ತೀರಿಸ್ಕೊಂಡ್ರೇನು?

ನಾನು: (ಬೆರಗಾಗಿ) ಇಲ್ಲ. ಸುಲ್ತಾನನೇ ವರ್ಷದೊಳಗೆ ಕೊರಗಿ ಸತ್ತ. ರಾಜ್ಯ ಐದು ಹೋಳಾಯ್ತು. ಗವಾನನ ಖಜಾನೆ ಒಡೆಸಿ ನೋಡಿದರೆ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲವಂತೆ.

ಆಟೋ: ಅದು ನನಗ ಗೊತ್ತಿಲ್ಲ. ನನಗ ಸವಾರಿ ಗೊತ್ತು. ಹೊರಗಿಂದ ಬಂದೋರು ಹತ್ತಿದ ಕೂಡ್ಲೇ ಅನ್ನೋದು ‘ಗವಾನ್ ಮದ್ರಸಾ’. ಔರಂಗಜೇಬನ ಕಾಲಕ್ಕ ಸಿಡದು ಅರ್ಧ ಹೋಗ್ಯದ, ಮಿನಾರ್ ಒಂದೇ ಉಳದದ. ಆದ್ರೂ ಅದೇ ಬೇಕು. ಅಷ್ಟೂರಿಗೂ ಒಯ್ತೀನಿ. ಅಹ್ಮದ್ ಶಾ ವಲಿ ಗೋರಿಯ ಚಿತ್ರ ನೋಡಿ ಹೊಳ್ಳಿ ಹತ್ತತಾರ. ಗವಾನನ್ನ ಕೊಲ್ಲಿಸಿದ ಸುಲ್ತಾನನ ಗೋರಿನೂ ಅಲ್ಲೇ ಅದ, ಅರ್ಧಕ್ಕ ನಿಂತದ. ಇಷ್ಟು ವರ್ಷದಾಗ ಒಬ್ಬ ಸವಾರಿನೂ ‘ಅದು ಯಾವುದು, ಅಲ್ಲಿ ನಿಲ್ಸು’ ಅಂದಿಲ್ಲ.

ಅಷ್ಟರಲ್ಲಿ ಮಾಲೀಕರು ಬಂದರು. ತಲೆಯ ಮೇಲೆ ಹಾಕಿದ್ದ ಕರವಸ್ತ್ರ ಹಿಂಡಿ, ಸೀಟು ಒರೆಸಿ, ‘ಎಲ್ಲಿಗ್ರಿ?’ ಅಂದರು.

ಗೋರನಳ್ಳಿಗೆ ಅಂದೆ, ಗವಾನನ ಸಮಾಧಿಗೆ. ಹೋಗಿ ಬರಲು ಇನ್ನೂರು ಅಂದರು. ‘ನೂರೈವತ್ತಕ್ಕೆ ಬರ್ತೀಯಾ’ ಎಂಬುದು ತಾನಾಗಿಯೇ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ.

‘ಬರ್ತೀರಾ?’ ಅಂದೆ.

ಅವರು ಒಂದು ಬೆರಳಿನಿಂದ ಕನ್ನಡಿ ಸರಿ ಮಾಡಿಕೊಂಡು ಗಾಡಿ ಚಾಲೂ ಮಾಡಿದರು.